ಹೂವು ಬಲಕ್ಕೇ ಬಿತ್ತು, ಆದರೂ ಭಯ ಹೋಗಿಲ್ಲ. ನಂಬಿಕೆ ಕಡಿಮೆ ಅಂತಾನಾ?

ಹಳ್ಳಿಸೊಸೆ · ಭಾನುವಾರ ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ನಾವಿರುವುದು ದಾವಣಗೆರೆಯಲ್ಲಿ. ನಮ್ಮ ಯಜಮಾನರು ಇಲ್ಲೇ ಒಂದು ಖಾಸಗಿ ಕಂಪನಿಯಲ್ಲಿ 16 ವರ್ಷ ಲೆಕ್ಕ ಬರೆದರು. ಹೋದ ವರ್ಷ ಮಾರ್ಚ್‌ನಲ್ಲಿ ಒಂದು ದಿನ ಬೆಳಗ್ಗೆ ಹೋದರೆ ಗೇಟಿಗೆ ಬೀಗ. ಮುಂದೇನು ಅಂತ ತೋಚದೆ ಕೂತಿದ್ದಾಗ, ಚಳ್ಳಕೆರೆ ಕಡೆ ಹಳ್ಳಿಯಲ್ಲಿರುವ ನಮ್ಮತ್ತೆ "ಊರ ಮಾರಮ್ಮನ ಹತ್ತಿರ ಹೂ ಕೇಳುತ್ತೇನೆ" ಅಂದರು. ಕೇಳಿದರು. ದೇವರ ಮೇಲೆ ಏರಿಸಿದ ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ ಅಂತ ಲೆಕ್ಕ. ಹೂವು ಬಲಕ್ಕೇ ಬಿತ್ತು. ಅವಳೇ ಅಪ್ಪಣೆ ಕೊಟ್ಟ ಮೇಲೆ ಇನ್ನೇನು ಅಂತ ನಮ್ಮನೆಯವರು ಹಳ್ಳಿಗೆ ಹೋದರು. ನಾನು, ಮಗ ಇಲ್ಲೇ ಉಳಿದೆವು.

ಮೂರೂವರೆ ಎಕರೆಗೆ ಈರುಳ್ಳಿ ಹಾಕಿದೆವು. ಪೈರು ಚೆನ್ನಾಗಿಯೇ ಬಂತು. ಕೀಳುವ ಹೊತ್ತಿಗೆ ಬಿಡದೆ ಮಳೆ. ಅರ್ಧ ಹೊಲದಲ್ಲೇ ಕೊಳೆಯಿತು. ಉಳಿದದ್ದನ್ನು ಬೆಂಗಳೂರಿಗೆ ಕಳಿಸಿದರೆ ಬಂದ ದುಡ್ಡು ಲಾರಿ ಬಾಡಿಗೆ, ಚೀಲ, ಕೂಲಿಗೆ ಸರಿಹೋಯಿತು. ನನ್ನ ಒಡವೆ ಇನ್ನೂ ಬ್ಯಾಂಕಿನಲ್ಲೇ ಇದೆ.

ಈಗ ಬೆಂಗಳೂರಿನಿಂದ ಕೆಲಸಕ್ಕೆ ಕರೆ ಬಂದಿದೆ. ತಿಂಗಳಿಗೆ 28 ಸಾವಿರ. ಬರುವ 1ನೇ ತಾರೀಕು ಸೇರಬೇಕು. ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ಅತ್ತೆಯ ಫೋನು ದಿನಾ ಬರುತ್ತದೆ: ರೋಹಿಣಿ ಮಳೆ ಚೆನ್ನಾಗಿ ಆಗಿದೆ, ಹೊಲ ಹದಕ್ಕೆ ಬಂದಿದೆ, ಇನ್ನೊಂದು ಸಲ ಹೂ ಕೇಳೋಣ, ಅವಳು ಹೇಳಿದ ಹಾಗೆ ಮಾಡೋಣ.

ನನಗೆ ಕೇಳುವುದಕ್ಕೇ ಭಯ. ಎಡಕ್ಕೆ ಬಿದ್ದರೆ? ಬಲಕ್ಕೆ ಬಿದ್ದೂ ಹೋದ ವರ್ಷದ ಹಾಗೇ ಆದರೆ? ದಿನಾ ದೀಪ ಹಚ್ಚುತ್ತೇನೆ, ನೀನೇ ಗತಿ ಅನ್ನುತ್ತೇನೆ, ರಾತ್ರಿ ಎರಡಕ್ಕೆ ಎಚ್ಚರವಾಗಿ ಫ್ಯಾನು ನೋಡುತ್ತಾ ಮಲಗಿರುತ್ತೇನೆ. ದೇವರ ಮೇಲೆ ಭಾರ ಹಾಕಿದವರು ಹೀಗಿರಬಾರದು ಅಲ್ವಾ? ನನ್ನ ನಂಬಿಕೆಯಲ್ಲೇ ಏನೋ ಊನ ಇದೆಯಾ?

ಮಂಡಕ್ಕಿಮಿರ್ಚಿ · ರಾತ್ರಿ 11:05

ಅಕ್ಕ, ರಾತ್ರಿ ಎರಡಕ್ಕೆ ಎದ್ದು ಫ್ಯಾನು ನೋಡುವವರ ಸಂಘ ಕಟ್ಟಿದರೆ ದಾವಣಗೆರೆಯಲ್ಲಿ ಹೈಸ್ಕೂಲ್ ಮೈದಾನವೇ ಸಾಲದು. ನಾನೂ ಸದಸ್ಯ.

ಕೋಟೆಹೈದ · ರಾತ್ರಿ 11:19

ಬೇಜಾರಾದರೆ ಕ್ಷಮಿಸಿ, ನೇರ ಹೇಳುತ್ತೇನೆ. ಒದ್ದೆ ಹೂವು ಒಣಗಿದಾಗ ಬೀಳುತ್ತದೆ. ಯಾವ ಕಡೆ ಭಾರ ಇದೆಯೋ ಆ ಕಡೆ. ಅದರ ಮೇಲೆ ಮೂರೂವರೆ ಎಕರೆ, ಒಡವೆ, ಮಗನ ಓದು ಎಲ್ಲಾ ಇಟ್ಟಿರಿ. ಇಲ್ಲಿ ಊನ ಇರುವುದು ನಿಮ್ಮ ನಂಬಿಕೆಯಲ್ಲಲ್ಲ, ನಿರ್ಧಾರ ತೆಗೆದುಕೊಂಡ ರೀತಿಯಲ್ಲಿ.

ನಾನು ಚಿತ್ರದುರ್ಗದವನು. ನಮ್ಮ ಕೋಟೆ ಮೇಲೆ ಏಕನಾಥೇಶ್ವರಿ ಇದ್ದಾಳೆ, ಹಿಡಿಂಬೇಶ್ವರ ಇದ್ದಾನೆ, ಇನ್ನೂ ಎಷ್ಟೋ ಗುಡಿಗಳಿವೆ. ಹಾಗಂತ ನಾಯಕರು ಮಳೆಯನ್ನು ದೇವರಿಗೆ ಬಿಟ್ಟು ಕೂತರಾ? ಬಂಡೆಗಳ ಮಧ್ಯೆ ಗೋಪಾಲಸ್ವಾಮಿ ಹೊಂಡ, ಅದರ ಕೆಳಗೆ ಅಕ್ಕ ತಂಗಿ ಹೊಂಡ. ಬಿದ್ದ ಹನಿ ಬಿಡದ ಹಾಗೆ ಕಟ್ಟಿದರು. ಪೂಜೆ ಮಾಡಿದವರೇ ನೀರನ್ನೂ ಕೂಡಿಟ್ಟರು.

ಭದ್ರಾಕಾಲುವೆ · ರಾತ್ರಿ 11:24

ಅಷ್ಟೆಲ್ಲಾ ಕೂಡಿಟ್ಟೂ 1779ರಲ್ಲಿ ಹೈದರಾಲಿ ಕೋಟೆ ಹಿಡಿದನಲ್ಲ ಸ್ವಾಮಿ. ಎಲ್ಲವೂ ನಮ್ಮ ಲೆಕ್ಕದಲ್ಲೇ ನಡೆಯುತ್ತದೆ ಅನ್ನುವುದೂ ಒಂದು ಮೂಢನಂಬಿಕೆಯೇ.

ಕೋಟೆಹೈದ · ರಾತ್ರಿ 11:26

ಅದು ನೀರಿಲ್ಲದೆ ಬಿದ್ದ ಕೋಟೆ ಅಲ್ಲ. ಅದೇ ನನ್ನ ಪಾಯಿಂಟು.

ವಾಣಿವಿಲಾಸ_ಹಿರಿಯೂರು · ಸೋಮವಾರ ಬೆಳಗ್ಗೆ 6:40

ಅಕ್ಕ, ನಮ್ಮ ಮನೆಯದೊಂದು ಮಾತು ಹೇಳುತ್ತೇನೆ. ನಾವು ಮಾರಿಕಣಿವೆ ಕೆಳಗಿನ ತೋಟದವರು. 1932ರಲ್ಲಿ ಡ್ಯಾಂ ಕೋಡಿ ಬಿದ್ದದ್ದನ್ನು ನಮ್ಮಜ್ಜ ಹುಡುಗನಾಗಿದ್ದಾಗ ನೋಡಿದ್ದನಂತೆ. ಸಾಯುವ ತನಕ ಅದೇ ಕಥೆ. ನೀರು ಹಾರುವ ಸದ್ದು ಹೇಗಿತ್ತು ಅಂತ ಬಾಯಲ್ಲೇ ಮಾಡಿ ತೋರಿಸುತ್ತಿದ್ದ. ನಮ್ಮಪ್ಪ ಜೀವಮಾನವೆಲ್ಲಾ ಕಾದ. ವರ್ಷಾ ವರ್ಷಾ ಕಣಿವೆ ಮಾರಮ್ಮನಿಗೆ ಕಾಯಿ ಒಡೆದು, ಕಟ್ಟೆ ಮೇಲೆ ನಿಂತು ಅಡಿ ಎಷ್ಟಿದೆ ಅಂತ ನೋಡಿ ಬರುತ್ತಿದ್ದ. ನೀರು ಇಳಿಯುತ್ತಲೇ ಹೋಯಿತು. ಬೋರು ಬತ್ತಿತು. ಅಡಿಕೆ, ತೆಂಗು ಒಣಗಿದವು. ಟ್ಯಾಂಕರ್ ನೀರು ಹೊಡೆಸಿ ಅರ್ಧ ತೋಟ ಉಳಿಸಿಕೊಂಡೆವು. ಅಪ್ಪ 2016ರಲ್ಲಿ ಹೋದ.

2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು. ಊರಿಗೆ ಊರೇ ನೋಡಲು ಹೋಯಿತು. ನಾನು ಅಪ್ಪನ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋಗಿದ್ದೆ. ಅದು ಹುಚ್ಚುತನ ಅಂತ ಗೊತ್ತು. 2025ರ ಜನವರಿಯಲ್ಲಿ ಮತ್ತೆ ತುಂಬಿತು.

ಅಪ್ಪನಿಗೆ ನಂಬಿಕೆ ಇತ್ತು, ಸಿಗಲಿಲ್ಲ. ನಾನು ಅಷ್ಟೇನೂ ನಂಬಿದವನಲ್ಲ, ನನಗೆ ಸಿಕ್ಕಿತು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಮಾತ್ರ ಗೊತ್ತು: ಅಪ್ಪ ಭಯಪಡುತ್ತಲೇ ನಂಬಿದ್ದ. ಕಟ್ಟೆಯಿಂದ ಬಂದ ರಾತ್ರಿ ಊಟ ಬಿಡುತ್ತಿದ್ದ. ಬೆಳಗ್ಗೆ ಎದ್ದು ಟ್ಯಾಂಕರ್‌ನವನಿಗೆ ಫೋನ್ ಮಾಡುತ್ತಿದ್ದ.

ಲೆಕ್ಕದಮೇಷ್ಟ್ರು · ಬೆಳಗ್ಗೆ 7:15

ಸಣ್ಣ ತಿದ್ದುಪಡಿ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಅದಕ್ಕೇ 2022ರಲ್ಲಿ ಎಲ್ಲರೂ "89 ವರ್ಷದ ಮೇಲೆ" ಅಂದದ್ದು. ಡ್ಯಾಂ ಕಟ್ಟಿದ್ದು 1898ರಿಂದ 1907ರವರೆಗೆ.

ವಾಣಿವಿಲಾಸ_ಹಿರಿಯೂರು · ಬೆಳಗ್ಗೆ 7:21

ಸರಿ ಮೇಷ್ಟ್ರೇ, 33. ಅಜ್ಜನ ಲೆಕ್ಕ ಯಾವಾಗಲೂ ಒಂದು ವರ್ಷ ಹಿಂದೆ ಮುಂದೆ.

ಕೋಟೆಹೈದ · ಬೆಳಗ್ಗೆ 8:02

ಭದ್ರಾ ಮೇಲ್ದಂಡೆ ಯೋಜನೆಯಿಂದ ಪಂಪ್ ಮಾಡಿ ಬಿಟ್ಟ ನೀರೂ ಅದರಲ್ಲಿತ್ತು ಅನ್ನುವುದನ್ನು ಮರೆಯಬೇಡಿ. ಮಾರಮ್ಮನಿಗೆ ಕಾಯಿ ಒಡೆದವರು ಎಂಜಿನಿಯರಿಗೂ ಒಂದು ಒಡೆಯಲಿ.

ಭದ್ರಾಕಾಲುವೆ · ಬೆಳಗ್ಗೆ 8:10

ಆ ನೀರಿನ ಮಾತು ಎತ್ತಬೇಡಿ. ನಮ್ಮ ಭತ್ತದ ಗದ್ದೆಯವರ ಹೊಟ್ಟೆ ಉರಿಯುತ್ತದೆ. 2023ರ ಬರದಲ್ಲಿ ನಮ್ಮ ಭದ್ರೆಯ ಲಕ್ಕವಳ್ಳಿ ಡ್ಯಾಂ ಅಡಿ ಎಷ್ಟು ಅಂತ ನೋಡಿ ನೋಡಿ ಕಣ್ಣು ಸೋತವು. 186 ಅಡಿ ತುಂಬಿದರೆ ನಮಗೆ ಹಬ್ಬ. ಆ ವರ್ಷ ಹಬ್ಬ ಇಲ್ಲ.

ವಾಣಿವಿಲಾಸ_ಹಿರಿಯೂರು · ಬೆಳಗ್ಗೆ 8:14

ಕೋಡಿ ಬಿದ್ದ ವರ್ಷ ವೇದಾವತಿಯಲ್ಲಿ ಬಂದ ಮಳೆ ನೀರು ಯಾವ ಪಂಪಿನದೋ ಹೇಳಿ ಕೋಟೆಯವರೇ. ಪಂಪೂ ಇತ್ತು, ಮಳೆಯೂ ಇತ್ತು. ಎರಡೂ ಇದ್ದದ್ದರಿಂದಲೇ ತುಂಬಿತು.

ಪೂಜಾರಿಮನೆ · ಬೆಳಗ್ಗೆ 9:30

ಹೂವಿನ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮಪ್ಪ 40 ವರ್ಷ ಗುಡಿಯಲ್ಲಿ ಹೂ ಏರಿಸಿದವರು. ಯಾವ ಊರು, ಯಾವ ದೇವರು ಅಂತ ಹೇಳುವುದಿಲ್ಲ.

ಕೋಟೆಹೈದ ಹೇಳಿದ ಒದ್ದೆ ಹೂವಿನ ಕಥೆ ಅಪ್ಪನಿಗೂ ಗೊತ್ತಿತ್ತು. ಏನೋ ಹೊಸದು ಕಂಡುಹಿಡಿದವರ ಹಾಗೆ ಹೇಳಬೇಡಿ. ಅಪ್ಪ ಹೇಳುತ್ತಿದ್ದದ್ದು ಬೇರೆ. "ಕೇಳಲು ಬರುವವರಲ್ಲಿ ಮುಕ್ಕಾಲು ಪಾಲು ಜನ ಆಗಲೇ ತೀರ್ಮಾನ ಮಾಡಿರುತ್ತಾರೆ. ಹೂವು ಬೀಳುವ ತನಕ ಅವರ ಮುಖ ನೋಡು, ಗೊತ್ತಾಗುತ್ತದೆ." ಎಡಕ್ಕೆ ಬಿದ್ದರೆ ಕೆಲವರು "ಇನ್ನೊಂದು ಸಲ ಕೇಳಿ ಪೂಜಾರ್ರೇ" ಅನ್ನುತ್ತಿದ್ದರು. ಅವರಿಗೆ ಬೇಕಾದದ್ದು ಅಪ್ಪಣೆ ಅಲ್ಲ, ಧೈರ್ಯ. ಅಪ್ಪ ಅಂಥವರಿಗೆ ಮಂಗಳಾರತಿ ಕೊಟ್ಟು, ಕಟ್ಟೆ ಮೇಲೆ ಕೂರಿಸಿ, ಮನೆ ಕಡೆ ಹೇಗೆ ಅಂತ ಮಾತಾಡಿಸಿ ಕಳಿಸುತ್ತಿದ್ದರು. ಅದೂ ಪೂಜೆಯೇ ಅಂತ ಅವರ ಲೆಕ್ಕ.

ತಂಗಿ, ಒಂದು ಕೇಳುತ್ತೇನೆ. ಹೋದ ವರ್ಷ ನಿಮ್ಮತ್ತೆ ಹೂ ಏರಿಸಿದಾಗ ಏನಂತ ಕೇಳಿದರು? ಬಾಯಿಬಿಟ್ಟು ಕೇಳಿದರಾ, ಮನಸ್ಸಿನಲ್ಲೇ ಕೇಳಿದರಾ? ಯಾಕೆಂದರೆ ಹೂವಿಗೆ ಹೌದು, ಇಲ್ಲ ಅಷ್ಟೇ ಗೊತ್ತು. ಪ್ರಶ್ನೆ ಏನಿತ್ತು ಅನ್ನುವುದೇ ಮುಖ್ಯ.

ಹರಪನಹಳ್ಳಿ_ಹಳಬ · ಬೆಳಗ್ಗೆ 10:05

ಪೂಜಾರಿಮನೆಯವರು ಸರಿಯಾಗಿ ಹೇಳಿದರು. ನಮ್ಮ ಕಡೆ ಮೈಲಾರದ ಕಾರ್ಣಿಕವೂ ಇದೇ ಕಥೆ. ಗೊರವಯ್ಯ ಬಿಲ್ಲು ಏರಿ ಒಂದೇ ಸಾಲು ಹೇಳಿ ಕೆಳಗೆ ಬೀಳುತ್ತಾನೆ. ಸಂಜೆ ಹೊತ್ತಿಗೆ ರೈತನಿಗೆ ಒಂದು ಅರ್ಥ, ದಲ್ಲಾಳಿಗೆ ಒಂದು ಅರ್ಥ, ಎಮ್ಮೆಲ್ಲೆಗೆ ಇನ್ನೊಂದು ಅರ್ಥ.

ಬದಲಾವಣೆ ಅಂದರೆ ಭಯ ಅನ್ನುತ್ತೀರಲ್ಲ, ನಮ್ಮ ತಾಲ್ಲೂಕು ನೋಡಿ. ಮೊದಲು ಬಳ್ಳಾರಿ. 1997ರಲ್ಲಿ ದಾವಣಗೆರೆ. ಆಮೇಲೆ ಮತ್ತೆ ಬಳ್ಳಾರಿ. 2021ರಿಂದ ವಿಜಯನಗರ. ಕೂತಲ್ಲೇ ಕೂತು ಮೂರು ಜಿಲ್ಲೆ ನೋಡಿದ್ದೇವೆ. ಲೆಟರ್‌ಹೆಡ್ಡು ಮಾಡಿಸಿದ್ದೇ ಬಂತು.

ಮಂಡಕ್ಕಿಮಿರ್ಚಿ · ಬೆಳಗ್ಗೆ 10:11

ಯಾವ ಜಿಲ್ಲೆಗೆ ಹೋದರೂ ಬೆಣ್ಣೆದೋಸೆಗೆ ಇಲ್ಲಿಗೇ ಬರುತ್ತೀರಲ್ಲ, ಅಷ್ಟು ಸಾಕು.

ಹರಪನಹಳ್ಳಿ_ಹಳಬ · ಬೆಳಗ್ಗೆ 10:13

ಈಗಿನ ನಿಮ್ಮ ದೋಸೆಯಲ್ಲಿ ಬೆಣ್ಣೆ ಎಲ್ಲಿದೆ? ಸೌದೆ ಒಲೆ ಹೋದ ದಿನವೇ ರುಚಿಯೂ ಹೋಯಿತು.

ಮಂಡಕ್ಕಿಮಿರ್ಚಿ · ಬೆಳಗ್ಗೆ 10:14

ಸೌದೆ ಒಲೆಯ ಹೋಟೆಲು ಇನ್ನೂ ಇವೆ. ಬನ್ನಿ, ಕರೆದುಕೊಂಡು ಹೋಗುತ್ತೇನೆ. ಬಿಲ್ಲು ನಿಮ್ಮದು.

ನಿರ್ವಾಹಕ · ಬೆಳಗ್ಗೆ 10:30

ದೋಸೆ ಜಗಳಕ್ಕೆ ಬೇರೆ ಎಳೆ ಇದೆ, ಈಗಾಗಲೇ 400 ಉತ್ತರ ದಾಟಿದೆ. ದಯವಿಟ್ಟು ಅಲ್ಲಿಗೆ ಹೋಗಿ. ಇಲ್ಲಿ ಒಬ್ಬರು ಕಷ್ಟ ಹೇಳಿಕೊಂಡಿದ್ದಾರೆ.

ನದಿದಡ_ಹರಿಹರ · ಮಧ್ಯಾಹ್ನ 12:20

ಹಳ್ಳಿಸೊಸೆಯವರೇ, ನಾನು ಕ್ರೈಸ್ತಳು. ಹರಿಹರದ ಆರೋಗ್ಯಮಾತೆ ಚರ್ಚಿನ ಹತ್ತಿರ ಮನೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಬರುವವರಲ್ಲಿ ನಮ್ಮವರೆಷ್ಟೋ ಬೇರೆಯವರೂ ಅಷ್ಟೇ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಹೊಸದಲ್ಲ.

ಭಯ ಇದ್ದರೆ ನಂಬಿಕೆ ಇಲ್ಲ ಅಂತ ನಾನೂ ಅಂದುಕೊಂಡಿದ್ದೆ. ಗಂಡ ಕಾರ್ಖಾನೆ ಕೆಲಸ ಕಳೆದುಕೊಂಡಾಗ ಪ್ರಾರ್ಥನೆಗೆ ಹೋಗುವುದನ್ನೇ ಬಿಟ್ಟಿದ್ದೆ, ನಾಚಿಕೆಯಿಂದ. ಆಗ ನಮ್ಮತ್ತೆ ಒಂದು ಮಾತು ಹೇಳಿದರು. "ಶಿಲುಬೆಗೆ ಏರುವ ಹಿಂದಿನ ರಾತ್ರಿ ಯೇಸುವೇ ಗೆತ್ಸೆಮನೆ ತೋಟದಲ್ಲಿ ಈ ಕಷ್ಟ ನನ್ನಿಂದ ದೂರ ಆಗಲಿ ಅಂತ ಬೇಡಿಕೊಂಡ. ಅವನಿಗೇ ಇದ್ದ ಸಂಕಟ ನಿನಗೆ ಇರಬಾರದಾ?" ಎಸ್ಸೆಸ್ಸೆಲ್ಸಿ ದಾಟದ ಹೆಂಗಸು. ಯಾವ ಬೋಧನೆಯೂ ನನಗೆ ಹಾಗೆ ತಟ್ಟಿರಲಿಲ್ಲ.

ಇನ್ನೊಂದು. ಮರುಭೂಮಿಯಲ್ಲಿ ನಡೆಯುವಾಗ ಇಸ್ರಾಯೇಲರಿಗೆ ಮನ್ನಾ ಅನ್ನುವ ಆಹಾರ ಸಿಗುತ್ತಿತ್ತು. ಅವತ್ತಿನದು ಅವತ್ತಿಗೆ. ನಾಳೆಗಿರಲಿ ಅಂತ ಎತ್ತಿಟ್ಟವರದು ಹುಳ ಬಿತ್ತು. ನಾನು ಆ ಎರಡು ವರ್ಷ ಹಾಗೇ ದಾಟಿದೆ. ಈ ವಾರದ ಅಕ್ಕಿ ಇದೆಯಾ, ಇದೆ. ಮುಂದಿನ ವಾರದ್ದು ಮುಂದಿನ ವಾರ.

ಶರಣಜೀವಿ · ಮಧ್ಯಾಹ್ನ 12:48

ಇದು ನಮ್ಮ ಆಯ್ದಕ್ಕಿ ಲಕ್ಕಮ್ಮನ ಕಥೆಯ ಹಾಗೇ ಇದೆಯಲ್ಲ! ಗಂಡ ಮಾರಯ್ಯ ದಿನದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದ. ನಮಗೆ ಇಷ್ಟು ಯಾಕೆ, ಹೋಗಿ ಅಲ್ಲೇ ಸುರಿದು ಬಾ ಅಂದವಳು ಆಕೆ. ಸಾವಿರಾರು ಮೈಲಿ ಆಚೆ ಈಚೆ, ಮಾತು ಒಂದೇ.

ಹೂ ಕೇಳುವುದು, ಲಗ್ನ ನೋಡುವುದು ಇವನ್ನೆಲ್ಲಾ ಬಸವಣ್ಣನವರು ಒಪ್ಪಲಿಲ್ಲ. ಕಾಯಕ ಮಾಡಿ, ಫಲ ಅವನಿಗೆ ಬಿಡಿ.

ಲೆಕ್ಕದಮೇಷ್ಟ್ರು · ಮಧ್ಯಾಹ್ನ 1:02

ಲಕ್ಕಮ್ಮನಿಗೆ ಒಡವೆ ಸಾಲದ ಬಡ್ಡಿ ಇರಲಿಲ್ಲ ಸ್ವಾಮಿ. ನಾಳೆಗೆ ಇಡಬೇಡಿ ಅಂತ ಮಧ್ಯಮ ವರ್ಗದವರಿಗೆ ಹೇಳಬೇಡಿ.

ಶರಣಜೀವಿ · ಮಧ್ಯಾಹ್ನ 1:09

ಇಡಬೇಡಿ ಅಂತ ನಾನೆಲ್ಲಿ ಹೇಳಿದೆ? ನಾಳೆಯ ಚಿಂತೆಯನ್ನು ಇವತ್ತೇ ಎತ್ತಿಡಬೇಡಿ ಅಂದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು "ಮಾಡಿದಷ್ಟು ನೀಡು ಭಿಕ್ಷೆ" ಅಂದವರು. ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದರು. ದುಡಿದವನಿಗೆ ದುಡಿದಷ್ಟು ಅನ್ನುವುದೂ ಭಕ್ತಿಯೇ.

ಟೈಲರ್_ಅಂಗಡಿ · ಮಧ್ಯಾಹ್ನ 2:35

ನಮ್ಮಲ್ಲೂ ಇದೇ ಪ್ರಶ್ನೆ. ಪ್ರವಾದಿಯವರ ಹತ್ತಿರ ಒಬ್ಬ ಬಂದು ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆ ಇಡಲೋ, ಹಾಗೇ ಬಿಟ್ಟು ಇಡಲೋ ಅಂತ ಕೇಳಿದನಂತೆ. ಕಟ್ಟು, ಆಮೇಲೆ ಭರವಸೆ ಇಡು ಅಂದರು. ಕೋವಿಡ್‌ನಲ್ಲಿ ನನ್ನ ಅಂಗಡಿ ಮುಚ್ಚಿದಾಗ ನಮಾಜೂ ಮಾಡಿದೆ, ಮಾಸ್ಕೂ ಹೊಲಿದೆ. ಮಾಸ್ಕಿನಿಂದಲೇ ಬಾಡಿಗೆ ಕಟ್ಟಿದೆ.

ಅಕ್ಕ, ನಿಮ್ಮ ಒಂಟೆ ಯಾವುದು, ಅದನ್ನು ಕಟ್ಟಿದ್ದೀರಾ ನೋಡಿ. ಅಷ್ಟೇ.

ಲೆಕ್ಕದಮೇಷ್ಟ್ರು · ಮಧ್ಯಾಹ್ನ 2:50

ಟೈಲರಣ್ಣ ಹಾದಿ ಮಾಡಿಕೊಟ್ಟರು. ನನ್ನ ಮಾತು ಎರಡೇ.

ಒಂದು, ಈರುಳ್ಳಿಗೆ ವಿಮೆ ಮಾಡಿಸಿದ್ದಿರಾ? ಫಸಲ್ ಬಿಮಾದಲ್ಲಿ ಮುಂಗಾರಿನ ಧಾನ್ಯ, ಎಣ್ಣೆಕಾಳು ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ 2%, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5%. ಹೊಲದಲ್ಲಿ ನೀರು ನಿಂತು ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಹೋದದ್ದು ಹೋಯಿತು. ಈ ಸಲ ಏನೇ ಬಿತ್ತಿದರೂ ಮಾಡಿಸಿ.

ಎರಡು, ಇದು ದೊಡ್ಡದು. ಯಜಮಾನರು 16 ವರ್ಷ ದುಡಿದಿದ್ದಾರೆ ಅಂದಿರಿ. ಗ್ರಾಚ್ಯುಟಿ ಬಂತಾ? ಪಿಎಫ್ ಬೇರೆ, ಇದು ಬೇರೆ; ಕೆಲಸ ಬಿಟ್ಟಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಕಂಪನಿ ಕೊಡುವ ದುಡ್ಡು. ಕಂಪನಿಯಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದು, ಐದು ವರ್ಷ ದಾಟಿದ್ದರೆ ಕೊಡಲೇಬೇಕು.

ಹಳ್ಳಿಸೊಸೆ · ಮಧ್ಯಾಹ್ನ 3:40

ಎಲ್ಲರಿಗೂ ವಂದನೆ. ಓದುತ್ತಾ ಓದುತ್ತಾ ಎರಡು ಸಲ ಅತ್ತೆ, ಒಂದು ಸಲ ನಕ್ಕೆ (ಲೆಟರ್‌ಹೆಡ್ಡಿಗೆ).

ಮೇಷ್ಟ್ರೇ, ವಿಮೆ ಮಾಡಿಸಿರಲಿಲ್ಲ. ಪಿಎಫ್ ಬಂತು, ಮನೆ ಬಾಡಿಗೆಗೂ ಮಗನ ಫೀಸಿಗೂ ಹೋಯಿತು. ಗ್ರಾಚ್ಯುಟಿ ಬಂದಿಲ್ಲ. ಇವರನ್ನು ಕೇಳಿದರೆ "ಮುಚ್ಚಿದ ಕಂಪನಿಯವರು ಎಲ್ಲಿಂದ ಕೊಡುತ್ತಾರೆ" ಅಂದರು. ಕಂಪನಿಯ ಲೆಕ್ಕವನ್ನೆಲ್ಲಾ ಬರೆದವರು ಇವರೇ, ತಮ್ಮ ಲೆಕ್ಕ ಮಾತ್ರ ಬರೆದುಕೊಂಡಿಲ್ಲ. ಕೊನೆಯ ಬೇಸಿಕ್ 13 ಸಾವಿರ ಇತ್ತಂತೆ. 32 ಜನ ಇದ್ದರು.

ಪೂಜಾರಿಮನೆ ಅಣ್ಣ, ಅತ್ತೆ ಏನಂತ ಕೇಳಿದರೋ ನನಗೆ ಗೊತ್ತಿಲ್ಲ. ಬೇಸಾಯದ ಬಗ್ಗೆಯೇ ಇರಬೇಕು. ಕೇಳಬೇಕು ಅಂತ ಇದುವರೆಗೂ ಅನಿಸಿರಲಿಲ್ಲ.

ಲೆಕ್ಕದಮೇಷ್ಟ್ರು · ಮಧ್ಯಾಹ್ನ 3:52

13 ಸಾವಿರವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ. 7,500. ಅದನ್ನು 16 ವರ್ಷದಿಂದ ಗುಣಿಸಿ. 1 ಲಕ್ಷ 20 ಸಾವಿರ. ನಿಮ್ಮ ದುಡ್ಡು ತಾಯಿ ಇದು. ಭಿಕ್ಷೆ ಅಲ್ಲ. ತಡವಾದದ್ದಕ್ಕೆ ಬಡ್ಡಿಯನ್ನೂ ಕೇಳಬಹುದು. ಕಂಪನಿ ಮುಚ್ಚಿದರೆ ಮಾಲೀಕರ ಹೊಣೆ ಮುಗಿಯುವುದಿಲ್ಲ. ಮೊದಲು ಅವರಿಗೆ ಲಿಖಿತ ಅರ್ಜಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ. ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆ ಕಚೇರಿಗೆ. ತಡ ಯಾಕಾಯಿತು ಅಂತ ಕಾರಣ ಬರೆಯಿರಿ. ಸಂಬಳದ ಚೀಟಿ, ನೇಮಕದ ಪತ್ರ, ಪಿಎಫ್ ಪಾಸ್‌ಬುಕ್ಕು ಜೆರಾಕ್ಸ್ ಇಟ್ಟುಕೊಳ್ಳಿ.

ಮಾರಮ್ಮನನ್ನು ಆಮೇಲೆ ಕೇಳೋಣ, ಮೊದಲು ಮಾಲೀಕರನ್ನು ಕೇಳಿ.

ಭದ್ರಾಕಾಲುವೆ · ಮಧ್ಯಾಹ್ನ 4:01

ಆ 32 ಜನರಿಗೂ ಹೇಳಿ. ಒಬ್ಬರೇ ಹೋದರೆ ಬಾಗಿಲಲ್ಲೇ ಕೂರಿಸುತ್ತಾರೆ.

ವಾರ್ಡ್‌ಸಿಸ್ಟರ್ · ಸಂಜೆ 5:30

ನಾನು ನರ್ಸು. ನಂಬಿಕೆ ವಿಷಯ ದೊಡ್ಡವರು ಹೇಳಿದ್ದಾರೆ. ನನಗೆ ಕಂಡದ್ದು ನಿದ್ದೆ. ಒಂದು ವರ್ಷದಿಂದ ರಾತ್ರಿ ಎರಡಕ್ಕೆ ಎಚ್ಚರ ಆಗುತ್ತಿದ್ದರೆ ಅದು ಭಕ್ತಿ ಕಡಿಮೆ ಆದದ್ದಲ್ಲ, ದೇಹ ದಣಿದದ್ದು. ಡಾಕ್ಟರಿಗೆ ತೋರಿಸಿ. ಹೋಗಲು ಸಂಕೋಚ ಆದರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಕ್ಕರೆ ಬಂದವರಿಗೆ ನಿಮ್ಮ ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳುತ್ತಾರಾ?

ಮಂಡಕ್ಕಿಮಿರ್ಚಿ · ಸಂಜೆ 5:34

ಹೇಳುತ್ತಾರೆ ಸಿಸ್ಟರ್. ನಮ್ಮ ಚಿಕ್ಕಪ್ಪ ಹೇಳಿದ್ದರು. ಈಗ ಅವರಿಗೂ ಬಂದಿದೆ.

ಹಟ್ಟಿಹುಡುಗ · ಸಂಜೆ 7:10

ನಮ್ಮೂರು ಚಳ್ಳಕೆರೆ, ಮೊಳಕಾಲ್ಮುರು ನಡುವೆ. ದೇವರ ಎತ್ತುಗಳ ಬಗ್ಗೆ ಕೇಳಿರಬಹುದು. ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ಹಿಂಡು ಇರುತ್ತದೆ. ಹೂಡುವಂತಿಲ್ಲ, ಮಾರುವಂತಿಲ್ಲ. ನೋಡಿಕೊಳ್ಳುವವನು ಕಿಲಾರಿ. ನಮ್ಮ ದೊಡ್ಡಪ್ಪ ಕಿಲಾರಿ ಆಗಿದ್ದ. ಬರ ಬಿದ್ದಾಗ ಹಿಂಡು ಹೊಡೆದುಕೊಂಡು ಮೇವಿರುವ ಕಡೆ ಎಷ್ಟೋ ದೂರ ನಡೆಯುತ್ತಿದ್ದ. ನಾನು ಸಣ್ಣವನಿದ್ದಾಗ ಕೇಳಿದ್ದೆ, ದೇವರ ಎತ್ತಿಗೆ ದೇವರೇ ಹುಲ್ಲು ಕೊಡಲ್ವಾ ಅಂತ. "ಕೊಡ್ತಾನೆ. ಎಲ್ಲಿ ಕೊಟ್ಟಿದ್ದಾನೆ ಅಂತ ಹುಡುಕೋಕೆ ನನ್ನ ಇಟ್ಟಿದ್ದಾನೆ" ಅಂದ.

ಅಕ್ಕ, ಬೆಂಗಳೂರೂ ಒಂದು ಮೇವಿನ ಜಾಗ ಅಂದುಕೊಳ್ಳಿ. ಹೋದವರು ಮಳೆಯಾದ ಮೇಲೆ ವಾಪಸ್ ಬರಬಹುದು.

ಕೋಟೆಹೈದ · ಸಂಜೆ 7:22

ಇದನ್ನು ಒಪ್ಪುತ್ತೇನೆ. ನಾನು ಒಪ್ಪಿದ್ದನ್ನು ಯಾರಾದರೂ ಬರೆದಿಟ್ಟುಕೊಳ್ಳಿ.

ಭದ್ರಾಕಾಲುವೆ · ಸಂಜೆ 7:31

28 ಸಾವಿರದಲ್ಲಿ ಬೆಂಗಳೂರು ಮೇವಿನ ಜಾಗ ಅಲ್ಲ ತಮ್ಮಾ, ಬರೀ ಬಯಲು. ಸಣ್ಣ ಮನೆ ಬಾಡಿಗೆಗೇ 12 ಸಾವಿರ. ಮೇಲೆ ಅಡ್ವಾನ್ಸು. ಎಸ್ಸೆಸ್ಸೆಲ್ಸಿ ವರ್ಷ ಶಾಲೆ ಬದಲಿಸುವುದು ಬೇಡವೇ ಬೇಡ. ಹೋದರೆ ಯಜಮಾನರೊಬ್ಬರೇ ಹೋಗಲಿ, ಪಿಜಿಯಲ್ಲಿ ಇರಲಿ.

ಪೂಜಾರಿಮನೆ · ರಾತ್ರಿ 8:45

ಎಲ್ಲರೂ ಮಗ, ಸೊಸೆ, ದುಡ್ಡು ಅಂದರು. ಆ ಮುದುಕಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಒಬ್ಬರೇ ಇದ್ದಾರೆ ಅಲ್ವಾ ತಂಗಿ? ಮನೆಯಲ್ಲಿ ಮಾತಿಗೆ ಬೆಲೆ ಕಡಿಮೆಯಾದ ಮೇಲೆ ಎಷ್ಟೋ ತಾಯಂದಿರು ದೇವರ ಬಾಯಲ್ಲಿ ಮಾತಾಡಿಸುತ್ತಾರೆ. ತಪ್ಪು ಅಂತ ಹೇಳುತ್ತಿಲ್ಲ. ನಾನು ಹೇಳಿದರೆ ಕೇಳಲ್ಲ, ಅವಳು ಹೇಳಿದರೆ ಕೇಳುತ್ತಾರೆ ಅಂತ. ಒಮ್ಮೆ ಅವರನ್ನೇ ಕೇಳಿ ನೋಡಿ.

ಹಳ್ಳಿಸೊಸೆ · ಗುರುವಾರ ರಾತ್ರಿ 9:15

ಮೂರು ದಿನ ಬರೆಯಲು ಆಗಲಿಲ್ಲ. ಹಳ್ಳಿಗೆ ಹೋಗಿದ್ದೆ.

ರಾತ್ರಿ ಅತ್ತೆ ಪಕ್ಕದಲ್ಲೇ ಮಲಗಿದ್ದೆ. ದೀಪ ಆರಿಸಿದ ಮೇಲೆ ಕೇಳಿದೆ, "ಅತ್ತೆ, ಹೋದ ವರ್ಷ ಅಮ್ಮನ ಹತ್ತಿರ ಏನಂತ ಕೇಳಿದ್ರಿ?" ತುಂಬಾ ಹೊತ್ತು ಮಾತಿಲ್ಲ. ನಿದ್ದೆ ಬಂತೇನೋ ಅಂದುಕೊಂಡೆ. ಆಮೇಲೆ ಅಂದರು, "ಬೆಳೆ ಗಿಳೆ ಏನೂ ಕೇಳ್ಲಿಲ್ಲ ಕಣವ್ವಾ. ನನ್ನ ಮಗ ಒಂದು ವರ್ಷನಾದ್ರೂ ನನ್ನ ಮನೇಲಿ ಉಣ್ತಾನಾ ಅಂತ ಕೇಳಿದೆ."

ಮಾವ ಹೋದ ಮೇಲೆ ಆರು ವರ್ಷ ಆ ಮನೆಯಲ್ಲಿ ಒಬ್ಬರೇ ಇದ್ದಾರೆ. ನಾವು ಹಬ್ಬಕ್ಕೆ ಹೋಗಿ ಮಾರನೇ ದಿನ ಬಸ್ಸು ಹತ್ತುವವರು. ಹೋದ ವರ್ಷ ಇವರು ಎಂಟು ತಿಂಗಳು ಅಲ್ಲೇ ಇದ್ದರು. ಹೂವು ಬಲಕ್ಕೆ ಬಿದ್ದದ್ದು ಅದಕ್ಕೆ. ಈರುಳ್ಳಿ ಹಾಕಿ ಅಂತ ಅವಳು ಹೇಳಲೇ ಇಲ್ಲ, ನಾವೇ ಹಾಕಿದ್ದು. ಕೋಟೆಹೈದ ಅಣ್ಣ ಏನೆನ್ನುತ್ತಾರೋ ಗೊತ್ತಿಲ್ಲ, ನನಗಂತೂ ಇಡೀ ವರ್ಷ ಮಾರಮ್ಮನ ಮೇಲೆ ಒಳಗೊಳಗೇ ಇದ್ದ ಸಿಟ್ಟು ಆವತ್ತು ರಾತ್ರಿ ಇಳಿಯಿತು.

ಬೆಳಗ್ಗೆ ಎಲ್ಲರೂ ಕೂತು ಮಾತಾಡಿದೆವು. ಇವರೊಬ್ಬರೇ ಬೆಂಗಳೂರಿಗೆ ಹೋಗುತ್ತಾರೆ. ಮಗನ ಪರೀಕ್ಷೆ ಮುಗಿಯುವವರೆಗೂ ನಾವು ಇಲ್ಲೇ. ಹೊಲ ಪಕ್ಕದವರಿಗೆ ಪಾಲಿಗೆ ಕೊಡುವುದು, ಈರುಳ್ಳಿ ಬೇಡ, ಶೇಂಗಾ. ವಿಮೆ ಮಾಡಿಸುವುದು. ಅತ್ತೆಗೆ ದಾವಣಗೆರೆಗೆ ಬನ್ನಿ ಅಂದೆ. ಮೊದಲು ಬೇಡ ಅಂದರು. ಆಮೇಲೆ ಎಮ್ಮೆ ಮಾರುವುದಿಲ್ಲ, ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂದರು. ಅಂದರೆ ಅರ್ಧ ಒಪ್ಪಿದ್ದಾರೆ ಅಂತ ನನ್ನ ಲೆಕ್ಕ.

ಭಯ ಹೋಗಿಲ್ಲ. ನಿನ್ನೆಯೂ ಮೂರಕ್ಕೆ ಎಚ್ಚರ ಆಯಿತು. ಎದ್ದು ಗ್ರಾಚ್ಯುಟಿ ಅರ್ಜಿ ಬರೆದೆ. ಇವರ ಜೊತೆ ಇನ್ನೂ ಒಂಬತ್ತು ಜನ ಸಹಿ ಹಾಕುತ್ತಾರಂತೆ.

ನದಿದಡ_ಹರಿಹರ · ರಾತ್ರಿ 9:28

ಎರಡಕ್ಕೆ ಆಗುತ್ತಿದ್ದ ಎಚ್ಚರ ಮೂರಕ್ಕೆ ಆಗಿದೆ. ಒಂದು ಗಂಟೆ ಲಾಭ.

ಕೋಟೆಹೈದ · ರಾತ್ರಿ 9:40

ಏನೂ ಅನ್ನಲ್ಲ ಅಕ್ಕ. ಹೂವಿನ ಬಗ್ಗೆ ನನ್ನ ಅಭಿಪ್ರಾಯ ಅದೇ. ಅತ್ತೆಯವರ ಪ್ರಶ್ನೆಗೆ ಮಾತ್ರ ಕೈಮುಗಿದೆ.

ಲೆಕ್ಕದಮೇಷ್ಟ್ರು · ರಾತ್ರಿ 9:44

ಹತ್ತು ಜನಕ್ಕೂ ಬೇರೆ ಬೇರೆ ಅರ್ಜಿ ಮಾಡಿ. ಒಂದೇ ಹಾಳೆಯಲ್ಲಿ ಎಲ್ಲರ ಸಹಿ ಬೇಡ. ಒಬ್ಬೊಬ್ಬರ ಸೇವೆ, ಬೇಸಿಕ್ ಬೇರೆ ಇರುತ್ತದೆ. ಅಂಚೆ ರಸೀತಿ ಕಳೆಯಬೇಡಿ.

ಹಟ್ಟಿಹುಡುಗ · ರಾತ್ರಿ 10:02

ಮಂಗಳವಾರ ಅತ್ತೆ ಗುಡಿಗೆ ಹೋಗುತ್ತಾರಾ? ಮತ್ತೆ ಹೂ ಏರಿಸುತ್ತಾರಾ?

ಹಳ್ಳಿಸೊಸೆ · ರಾತ್ರಿ 10:10

ಹೋಗುತ್ತಾರೆ. ಈ ಸಲ ಏನು ಕೇಳ್ತೀರಿ ಅಂದೆ. "ಕೇಳೋದೇನೈತೆ, ಸುಮ್ನೆ ಹೋಗಿ ಕೂತು ಬರ್ತೀನಿ" ಅಂದರು.

ಹರಪನಹಳ್ಳಿ_ಹಳಬ · ರಾತ್ರಿ 10:15

ಶೇಂಗಾ ಬೀಜ ಎಲ್ಲಿ ತಗೋತೀರಿ ತಂಗಿ? ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಬೇಗ ಖಾಲಿಯಾಗುತ್ತದೆ.

ಮಂಡಕ್ಕಿಮಿರ್ಚಿ · ರಾತ್ರಿ 10:16

ಎಮ್ಮೆ ಬರುವುದಾದರೆ ಬೆಣ್ಣೆ ಯಾವ ಹೋಟೆಲಿಗೆ ಹಾಕುತ್ತೀರಿ ಅಂತ ಮೊದಲೇ ಹೇಳಿಬಿಡಿ.